ಕುಲಪತಿಯ ಮೂರು ಪತ್ರಗಳು

ಯಲಹಂಕ, ದೊಡ್ಡಬಳ್ಳಾಪುರ ದಾಟಿ ಉತ್ತರಕ್ಕೆ ಸಾಗಿದರೆ ಗೌರಿಬಿದನೂರು. ಅದರ ಬಳಿಯ ಹೊಸೂರಿನ ಬಡ ಕುಟುಂಬದಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯ, ಓದಿನ ಹಂಬಲದಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲೇ ಬಂದವರು. ಮುಂದೆ ಅಮೆರಿಕದ ಓಹಿಯೋದಲ್ಲಿ ಭೌತವಿಜ್ಞಾನದ ಡಾಕ್ಟರೇಟ್ ಪಡೆದು, 1972ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾದರು.

1976ರಲ್ಲಿ ಅವರು ರಚಿಸಿದ ಸಮಿತಿಗೆ ಉದ್ದನೆಯ ಹೆಸರು: ಪವಾಡಗಳು ಹಾಗೂ ಪರೀಕ್ಷಿಸಬಹುದಾದ ಇತರ ಮೂಢನಂಬಿಕೆಗಳ ತನಿಖಾ ಸಮಿತಿ. ಇದರಲ್ಲಿ ‘ಪರೀಕ್ಷಿಸಬಹುದಾದ’ ಎಂಬ ಮಾತೇ ಮುಖ್ಯ. ದೇವರಿದ್ದಾನೆಯೇ ಎಂಬ ಚರ್ಚೆ ಅಲ್ಲಿರಲಿಲ್ಲ. ಆದರೆ ಬರಿಗೈಯಿಂದ ವಿಭೂತಿ, ಉಂಗುರ ಬರುತ್ತವೆ ಎಂದರೆ ಅವು ಕಣ್ಣಿಗೆ ಕಾಣುವ, ತೂಕವಿರುವ ವಸ್ತುಗಳು, ನೋಡಿಯೇ ತೀರ್ಮಾನಿಸಬಹುದು. ನರಸಿಂಹಯ್ಯನವರು ಸತ್ಯಸಾಯಿ ಬಾಬಾ ಅವರಿಗೆ ಮೂರು ಪತ್ರ ಬರೆದು, ಸಮಿತಿಯ ಪರೀಕ್ಷೆಗೆ ಒಪ್ಪಬೇಕೆಂದು ಕೋರಿದರು. ಬಾಬಾ ಒಪ್ಪಲಿಲ್ಲ.

ವಿಶ್ವವಿದ್ಯಾಲಯಕ್ಕೆ ಈ ಉಸಾಬರಿ ಏಕೆ ಎನ್ನಬಹುದು. ಪ್ರಯೋಗಶಾಲೆಯಲ್ಲಿ ಲೋಲಕದ ತೂಗಾಟವನ್ನು ಮತ್ತೆ ಮತ್ತೆ ಎಣಿಸಿ ಬರೆದುಕೊಳ್ಳುವ ವಿದ್ಯಾರ್ಥಿ, ಹೊರಗೆ ಬಂದೊಡನೆ ಕೇಳಿದ್ದನ್ನೆಲ್ಲ ನಂಬುವುದಾದರೆ ಅವನಿಗೆ ಕಲಿಸಿದ್ದಾದರೂ ಏನು? ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದು ನಾಗರಿಕರ ಮೂಲಭೂತ ಕರ್ತವ್ಯವೆಂದು 42ನೇ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ ಸೇರಿದ್ದೂ 1976ರಲ್ಲೇ. ಪ್ರಶ್ನಿಸಿದವರು ಜೈಲು ಸೇರುತ್ತಿದ್ದ ತುರ್ತುಪರಿಸ್ಥಿತಿಯಲ್ಲಿ ಅದು ಬಂದಿತೆಂಬುದು ಬೇರೆ ಮಾತು!

1977ರಲ್ಲಿ ಸಮಿತಿ ವಿಸರ್ಜನೆಯಾಯಿತು; ಅದೇ ವರ್ಷ ಅವರ ಕುಲಪತಿ ಹುದ್ದೆಯೂ ಮುಗಿಯಿತು. 1962ರಲ್ಲಿ ಅವರು ಕಟ್ಟಿದ್ದ ಬೆಂಗಳೂರು ಸೈನ್ಸ್ ಫೋರಂ ಮಾತ್ರ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಸಾರ್ವಜನಿಕರಿಗೆ ವಿಜ್ಞಾನದ ಉಪನ್ಯಾಸಗಳನ್ನು ಏರ್ಪಡಿಸುತ್ತಲೇ ಹೋಯಿತು. ಅವಿವಾಹಿತರಾಗಿ, ಖಾದಿ ತೊಟ್ಟು, ಆ ಕಾಲೇಜಿನ ವಿದ್ಯಾರ್ಥಿನಿಲಯದ ಕೊಠಡಿಯಲ್ಲೇ ಬಾಳಿದ ಎಚ್ಚೆನ್ 2005ರಲ್ಲಿ ತೀರಿಕೊಂಡರು.