‘ಸೇವಾದಾಗ ಅದಾನ್ರಿ’

ಬೆಳಗಾವಿಯಲ್ಲಿ ಗಂಡು ನೋಡುವ ಮಾತು ನಡೆದಿದೆ ಎನ್ನಿ. ‘ಹುಡುಗ ಏನ್ ಮಾಡ್ತಾನ್ರಿ?’ ಎಂದು ಕೇಳಿದಾಗ ‘ಸರ್ವಿಸ್‌ನಾಗ ಅದಾನ್ರಿ’ ಎಂಬ ಉತ್ತರ ಬಂದರೆ ಅದು ಮಿಲಿಟರಿ, ಇಲ್ಲವೇ ಸರ್ಕಾರಿ ನೌಕರಿ. ಮರಾಠಾ ಲೈಟ್ ಇನ್ಫಂಟ್ರಿಯ ಕೇಂದ್ರವಿರುವ ಊರಲ್ಲಿ ಈ ಬಗ್ಗೆ ಯಾರಿಗೂ ಅನುಮಾನ ಬರುವುದಿಲ್ಲ. ‘ಸೇವಾದಾಗ ಅದಾನ್ರಿ’ ಎಂದರೆ ಮಾತ್ರ ಮನೆ ಕ್ರೈಸ್ತರದು, ಹುಡುಗ ಪಾಸ್ಟರ್. ಇಂಗ್ಲಿಷ್ ಪದಕ್ಕೆ ಸಂಬಳದ ಭರವಸೆ ಇದೆ, ಕನ್ನಡ ಪದಕ್ಕೆ ದೇವರ ಭರವಸೆ. ಹುಡುಗಿಯ ತಾಯಿ ಮುಂದಿನ ಪ್ರಶ್ನೆ ಕೇಳುವ ಮೊದಲು ಕೊಂಚ ತಡೆಯುವುದು ಇದಕ್ಕೇ.

ಕನ್ನಡದಲ್ಲಿ ಸೇವೆಯಷ್ಟು ದುಡಿದ ಪದಗಳು ಕಡಿಮೆ. ಸಂಸ್ಕೃತದ ಮೂಲದಲ್ಲೇ ಅದಕ್ಕೆ ಹತ್ತಿರ ಇರುವುದು, ಉಪಚರಿಸುವುದು, ಅನುಭವಿಸುವುದು ಎಂಬ ಹಲವು ಅರ್ಥಗಳಿವೆ. ಹಾಗಾಗಿಯೇ ಗುರುವಿಗೆ ಮಾಡುವುದು ಸೇವೆ, ಗುಳಿಗೆ ನುಂಗುವುದು ಸೇವನೆ. ಮದ್ಯಕ್ಕೂ ಸೇವನೆಯೇ, ಬೆಳಗಿನ ಗಾಳಿಗೂ ಸೇವನೆಯೇ. ಗುಡಿಯಲ್ಲಿ ರಸೀದಿ ಹರಿಸಿದರೆ ಹೂವಿನ ಸೇವೆ, ಪಲ್ಲಕ್ಕಿ ಸೇವೆ. ತಹಸೀಲ್ದಾರ ಕಚೇರಿಯಲ್ಲೂ ಅದು ಸೇವೆಯೇ. 2011ರ ಕಾನೂನಿನಿಂದ ಬಂದ ‘ಸಕಾಲ’ ಯೋಜನೆ ಯಾವ ಸೇವೆ ಎಷ್ಟು ದಿನದಲ್ಲಿ ಸಿಗಬೇಕೆಂದು ಗೋಡೆಯ ಮೇಲೆ ಬರೆಸಿತು. ದಿನ ತಪ್ಪಿದರೆ ದಂಡ ಬೀಳುವ ಸೇವೆ ಅದೊಂದೇ ಇರಬೇಕು.

ಇಷ್ಟೆಲ್ಲ ಹೊರೆ ಹೊತ್ತಿದ್ದ ಪದವನ್ನು ಕ್ರೈಸ್ತರು ತಮ್ಮದಾಗಿಸಿಕೊಂಡ ಕಥೆ ಈ ಭಾಗದಲ್ಲಿ ಶುರುವಾಗುವುದು ಕೋಟೆಯಿಂದ. 1818ರಲ್ಲಿ ಬೆಳಗಾವಿ ಕೋಟೆ ಇಂಗ್ಲಿಷರ ಕೈಸೇರಿತು. ಎರಡು ವರ್ಷಕ್ಕೆ, 1820ರಲ್ಲಿ, ಲಂಡನ್ ಮಿಷನರಿ ಸೊಸೈಟಿಯ ಜೋಸೆಫ್ ಟೇಲರ್ ಬಳ್ಳಾರಿಯಿಂದ ಇಲ್ಲಿಗೆ ಬಂದರು. ಅದೇ ಕಾಲಕ್ಕೆ ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಮತ್ತು ವಿಲಿಯಂ ರೀವ್ ಬೈಬಲನ್ನು ಕನ್ನಡಕ್ಕೆ ತರುತ್ತಿದ್ದರು. ರೀವ್ 1832ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನೂ ಅಚ್ಚು ಹಾಕಿಸಿದರು. ಅನುವಾದಕರಿಗೆ ಹೊಸ ಪದ ಕಟ್ಟುವ ಗೋಜು ಬೇಕಿರಲಿಲ್ಲ. ಶಿಷ್ಯ, ಸಭೆ, ಸೇವೆ, ಸೇವಕ ಎಲ್ಲವೂ ಮಠದ ಓಣಿಯಲ್ಲಿ, ಗುಡಿಯ ಕಟ್ಟೆಯಲ್ಲಿ ಸಿದ್ಧವಾಗಿದ್ದವು. ಎತ್ತಿಕೊಂಡರು. ಎತ್ತಿಕೊಂಡ ಪದ ತನ್ನ ಹಳೆಯ ಮನೆಯ ವಾಸನೆಯನ್ನೂ ಹೊತ್ತು ತರುತ್ತದೆ, ಅದು ಬೇರೆ ಮಾತು.

ಟೇಲರ್ ಅವರ ಬಗ್ಗೆ ಒಂದು ಮಾತು ಹೇಳಲೇಬೇಕು. ಅವರು ಕನ್ನಡದ ನೆಲದಲ್ಲಿ ಬದುಕು ಸವೆಸಿದರೆ, 1820ರಲ್ಲಿ ಬಳ್ಳಾರಿಯಲ್ಲಿ ಹುಟ್ಟಿದ ಅವರ ಮಗ ಜೋಸೆಫ್ ವಾನ್ ಸೊಮೆರೆನ್ ಟೇಲರ್ ಗುಜರಾತಿಗೆ ಹೋಗಿ ಗುಜರಾತಿ ವ್ಯಾಕರಣ ಬರೆದರು. ಅಲ್ಲಿನ ಕ್ರೈಸ್ತರು ಹಾಡುವ ಎಷ್ಟೋ ಕೀರ್ತನೆಗಳು ಅವರವೇ. ಅಪ್ಪನ ಸೇವೆ ಒಂದು ಭಾಷೆಯಲ್ಲಿ, ಮಗನದು ಇನ್ನೊಂದರಲ್ಲಿ. ಗಡಿಯ ಈ ಊರಿಗೆ ಇದೇನೂ ವಿಚಿತ್ರವಲ್ಲ. ಇಲ್ಲಿ ಒಂದೇ ಭಾನುವಾರ ಕನ್ನಡ, ಮರಾಠಿ, ಕೊಂಕಣಿ, ಇಂಗ್ಲಿಷ್ ನಾಲ್ಕರಲ್ಲೂ ದೇವರನ್ನು ಕರೆಯುತ್ತಾರೆ.

ಭಾಷೆಯ ಮಾತು ಬಂತಲ್ಲ. ಬೈಬಲ್ಲಿನಲ್ಲಿ ಸೇವೆಯ ಹಂಚಿಕೆ ಶುರುವಾಗುವುದೇ ಭಾಷೆಯ ಜಗಳದಿಂದ. ‘ಅಪೊಸ್ತಲರ ಕೃತ್ಯಗಳು’ ಪುಸ್ತಕದ 6ನೇ ಅಧ್ಯಾಯದ ಪ್ರಸಂಗವದು. ಜೆರುಸಲೇಮಿನ ಹೊಸ ಸಭೆಯಲ್ಲಿ ದಿನವೂ ಬಡ ವಿಧವೆಯರಿಗೆ ಊಟ ಹಂಚುತ್ತಿದ್ದರು. ಗ್ರೀಕ್ ಮಾತಾಡುವವರು ತಕರಾರು ತೆಗೆದರು: ನಮ್ಮ ವಿಧವೆಯರಿಗೆ ಸರಿಯಾಗಿ ಸಿಗುತ್ತಿಲ್ಲ, ಹೀಬ್ರೂ ಮಾತಾಡುವವರಿಗೇ ಎಲ್ಲ ಹೋಗುತ್ತಿದೆ. ಬೆಳಗಾವಿಯ ಓದುಗನಿಗೆ ಈ ತಕರಾರನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಭೆ ಏನು ಮಾಡಿತು? ಹಂಚುವ ಕೆಲಸಕ್ಕೆ ಏಳು ಮಂದಿಯನ್ನು ಆರಿಸಿತು. ಸ್ತೆಫನನಿಂದ ಹಿಡಿದು ನಿಕೊಲಾಯನವರೆಗೆ ಏಳೂ ಹೆಸರು ಗ್ರೀಕ್. ದೂರು ಕೊಟ್ಟವರ ಕೈಗೇ ಸೌಟು ಕೊಟ್ಟುಬಿಟ್ಟರು! ಆಯೋಗವಿಲ್ಲ, ಪ್ರಾಧಿಕಾರವಿಲ್ಲ. ಗಡಿ ವಿವಾದದ ಬಗ್ಗೆ ಭಾಷಣ ಮಾಡುವವರು ಆ ಅಧ್ಯಾಯವನ್ನು ಒಮ್ಮೆ ಓದಬಹುದು.

ಅಲ್ಲಿ ಇನ್ನೊಂದು ಸೂಕ್ಷ್ಮವಿದೆ. ಊಟ ಹಂಚುವುದಕ್ಕೂ ದೇವರ ವಾಕ್ಯ ಸಾರುವುದಕ್ಕೂ ಗ್ರೀಕ್ ಮೂಲ ಬಳಸುವುದು ‘ದಿಯಾಕೊನಿಯ’ ಎಂಬ ಒಂದೇ ಪದವನ್ನು. ಪಂಕ್ತಿಯಲ್ಲಿ ಬಡಿಸುವ ಕೆಲಸ ಎಂಬುದು ಅದರ ಹಳೆಯ ಅರ್ಥಗಳಲ್ಲಿ ಒಂದು. ಡೀಕನ್ ಎಂಬ ಪದವಿಯ ಹೆಸರು ಹುಟ್ಟಿದ್ದೂ ಅದರಿಂದಲೇ. ಕೆಲವು ಸಭೆಗಳು ಅವನನ್ನು ಕನ್ನಡದಲ್ಲಿ ಸಭಾಸೇವಕ ಎಂದು ಕರೆಯುತ್ತವೆ. ಬಡಿಸುವವನೂ ಬೋಧಿಸುವವನೂ ಒಂದೇ ಪದದ ನೆರಳಲ್ಲಿ ನಿಂತಿದ್ದರು. ಇಂದಿನ ಬಳಕೆಯಲ್ಲಿ ಬೋಧಿಸುವವನು ಸೇವೆಯಲ್ಲಿದ್ದಾನೆ, ಬಡಿಸುವವಳು ಅಡುಗೆಮನೆಯಲ್ಲಿದ್ದಾಳೆ.

ಪದ ಹೀಗೆ ಹುದ್ದೆಯ ಕಡೆ ವಾಲಿದ್ದು ಹೇಗೆಂದು ತಿಳಿಯಲು ಮೆಥೊಡಿಸ್ಟರ ಮನೆಮಾತು ಕೇಳಬೇಕು. ಲಂಡನ್ ಮಿಷನ್ 1904ರಲ್ಲಿ ಬೆಳಗಾವಿಯ ಕೆಲಸವನ್ನು ಅವರ ಕೈಗೊಪ್ಪಿಸಿತು. ಮಿಷನರಿಗಳಿಬ್ಬರ ಹೆಸರು ಹೊತ್ತ ಬೆನನ್ ಸ್ಮಿತ್ ಹೈಸ್ಕೂಲು ಈ ಎರಡೂ ಕಾಲದ ಕೊಂಡಿ. ಇಲ್ಲಿನ ಮೆಥೊಡಿಸ್ಟರು 1947ರಲ್ಲಿ ಹುಟ್ಟಿದ ದಕ್ಷಿಣ ಭಾರತ ಸಭೆಗೂ ಸೇರಲಿಲ್ಲ, 1970ರ ಉತ್ತರ ಭಾರತ ಸಭೆಗೂ ಸೇರಲಿಲ್ಲ. ತಮ್ಮದೇ ಪದ್ಧತಿ ಉಳಿಸಿಕೊಂಡರು. ಆ ಪದ್ಧತಿಯ ಜೀವಾಳ ವರ್ಗಾವಣೆ. ವಾರ್ಷಿಕ ಕಾನ್ಫರೆನ್ಸಿನ ಕೊನೆಗೆ ಬಿಷಪ್ ಪಟ್ಟಿ ಓದುತ್ತಾರೆ. ಯಾರು ಯಾವ ಊರಿನ ಸಭೆಗೆ ಎಂದು ಆಗ ಖಚಿತ. ಪಾಸ್ಟರ್ ಹೆಂಡತಿ ಆ ಹೊತ್ತಿಗೆ ಮಕ್ಕಳ ಶಾಲೆ, ಗ್ಯಾಸ್ ಕನೆಕ್ಷನ್, ಪಾತ್ರೆಪಗಡಗಳ ಲೆಕ್ಕ ಹಾಕುತ್ತಿರುತ್ತಾಳೆ. ‘ಇಪ್ಪತ್ತು ವರ್ಷ ಸೇವಾ ಆತು’, ‘ಸೇವಾದಿಂದ ರಿಟೈರ್ ಆದ್ರು’ ಎಂಬ ಮಾತುಗಳು ಹುಟ್ಟುವುದು ಇಂಥಲ್ಲಿ. ಹೆಂಡತಿಯ ಇಪ್ಪತ್ತು ವರ್ಷವನ್ನು ಎಣಿಸುವ ಮಾತು ಕನ್ನಡದಲ್ಲಿ ಇನ್ನೂ ಹುಟ್ಟಿಲ್ಲ.

ಕಾಗದದ ಮೇಲಾದರೂ ಆ ಪದ ಹೆಂಗಸರಿಗಿದೆ. ಮೆಥೊಡಿಸ್ಟ್ ಸಭೆಯ ಮಹಿಳಾ ಸಂಘದ ಹೆಸರು ವಿಮೆನ್ಸ್ ಸೊಸೈಟಿ ಆಫ್ ಕ್ರಿಶ್ಚಿಯನ್ ಸರ್ವಿಸ್. ಎಲ್ಲರೂ ಅದನ್ನು ‘ಡಬ್ಲ್ಯು.ಎಸ್.ಸಿ.ಎಸ್.’ ಎಂದು ಮೊಟಕು ಮಾಡುವುದರಿಂದ ಸರ್ವಿಸ್ ಎಂಬುದು ಮೂರನೆಯ ಅಕ್ಷರದ ಆಚೆ ಮರೆಯಾಗಿ ಕೂತಿದೆ. ಸುಗ್ಗಿಯ ಹಬ್ಬದ ದಿನ ಇವರನ್ನು ನೋಡಬೇಕು. ಸಭೆಯವರು ತಂದ ಜೋಳದ ತೆನೆ, ಬೆಲ್ಲದ ಪೆಂಟೆ, ಕುಂಬಳಕಾಯಿ, ಕಾಲು ಕಟ್ಟಿದ ಕೋಳಿ ಎಲ್ಲವೂ ಹರಾಜಿಗೆ ಬರುತ್ತವೆ. ಹರಾಜು ಕೂಗುವವರು ಗಂಡಸರು. ಒಂದೇ ಕೋಳಿಯನ್ನು ಒಬ್ಬ ಕೊಂಡು ಮತ್ತೆ ಸಭೆಗೇ ಬಿಡುತ್ತಾನೆ, ಅದು ಮತ್ತೆ ಹರಾಜಾಗುತ್ತದೆ, ನಗು ಏಳುತ್ತದೆ. ಹಿಂದೆ ಶಾಮಿಯಾನದ ಕೆಳಗೆ ಈರುಳ್ಳಿ ಹೆಚ್ಚುವವರ ಕಣ್ಣಲ್ಲಿ ನೀರು. ಸಂಜೆ ಹರಾಜಿನ ಮೊತ್ತ ಮೈಕಿನಲ್ಲಿ ಹೇಳುತ್ತಾರೆ, ಈರುಳ್ಳಿಯ ಲೆಕ್ಕ ಯಾರೂ ಹೇಳುವುದಿಲ್ಲ.

ಸೇವೆ ಎಂಬ ಪದಕ್ಕೆ ಮೈಬಗ್ಗಿಸುವ ಅರ್ಥವನ್ನು ಇದೇ ಊರಿನಲ್ಲಿ ಮರಳಿ ತಂದವರೂ ಇದ್ದರು. 1924ರ ಡಿಸೆಂಬರಿನಲ್ಲಿ ಗಾಂಧೀಜಿ ಅಧ್ಯಕ್ಷರಾಗಿದ್ದ ಏಕೈಕ ಕಾಂಗ್ರೆಸ್ ಅಧಿವೇಶನ ಟಿಳಕವಾಡಿಯಲ್ಲಿ ನಡೆಯಿತು. ಅದರ ಹಿಂದಿನ ವರ್ಷವಷ್ಟೇ ಹುಬ್ಬಳ್ಳಿಯ ನಾ.ಸು. ಹರ್ಡೀಕರ್ ಹಿಂದೂಸ್ತಾನಿ ಸೇವಾದಳ ಕಟ್ಟಿದ್ದರು. ಬೆಳಗಾವಿಯಲ್ಲಿ ಜನಜಂಗುಳಿಯ ವ್ಯವಸ್ಥೆಯ ಜೊತೆಗೆ ಪಾಯಖಾನೆ ಸ್ವಚ್ಛ ಮಾಡುವ ಕೆಲಸಕ್ಕೂ ಸ್ವಯಂಸೇವಕರೇ ಇಳಿದರು. ಮೇಲ್ಜಾತಿಯ ಹುಡುಗರು ಬಕೆಟ್ ಹಿಡಿದದ್ದು ಆ ಕಾಲಕ್ಕೆ ಭಾಷಣಗಳಿಗಿಂತ ದೊಡ್ಡ ಸುದ್ದಿ. ಮರುವರ್ಷ, 1925ರಲ್ಲಿ, ನಾಗಪುರದಲ್ಲಿ ಹುಟ್ಟಿದ ಇನ್ನೊಂದು ಸಂಘ ಸ್ವಯಂಸೇವಕ ಎಂಬುದನ್ನು ತನ್ನ ಹೆಸರಿನೊಳಗೇ ಇರಿಸಿಕೊಂಡಿತು. ಆಮೇಲೆ ಆ ಪದಕ್ಕೆ ಬಿಡುವೇ ಸಿಗಲಿಲ್ಲ.

ಬೆಳಗಾವಿಯಿಂದ ಖಾನಾಪುರದ ಕಡೆ ಹೊರಟರೆ ಪದಗಳು ಬದಲಾಗುತ್ತವೆ. ಪಾಸ್ಟರ್ ಹಿಂದೆ ಉಳಿದು ಫಾದರ್, ಪಾದ್ರಿ ಎದುರಾಗುತ್ತಾರೆ. ಸಭೆ ಹೋಗಿ ಇಗರ್ಜಿ ಬರುತ್ತದೆ, ಪೋರ್ತುಗೀಸಿನಿಂದ ಗೋವೆಯ ಘಾಟಿ ಹತ್ತಿ ಬಂದ ಪದ. ಸಂಜೆ ಮನೆಗಳಲ್ಲಿ ಕೊಂಕಣಿಯಲ್ಲಿ ತೇರ್ಸ್, ಅಂದರೆ ಜಪಮಾಲೆ, ನಡೆಯುತ್ತದೆ. ಗೋವೆಯ ಆಡಳಿತದಲ್ಲಿದ್ದ ಈ ಸೀಮೆ 1953ರಲ್ಲಿ ಬೆಳಗಾವಿ ಧರ್ಮಪ್ರಾಂತ್ಯವಾಯಿತು. ಇಲ್ಲಿ ಬಿಷಪ್ ಆಗಿದ್ದ ಬರ್ನಾರ್ಡ್ ಮೊರಾಸ್ ಮತ್ತು ಪೀಟರ್ ಮಚಾದೊ ಇಬ್ಬರೂ ಮುಂದೆ ಬೆಂಗಳೂರಿನ ಆರ್ಚ್‌ಬಿಷಪ್ ಆದರು. ಕಥೊಲಿಕರಲ್ಲಿ ಪದವಿಯ ಮೆಟ್ಟಿಲು ಎತ್ತರ. ಆದರೆ ಎಲ್ಲಕ್ಕಿಂತ ಮೇಲಿನ ಮೆಟ್ಟಿಲಿನಲ್ಲಿರುವ ಪೋಪರ ಬಿರುದುಗಳಲ್ಲಿ ಒಂದು ‘ದೇವರ ಸೇವಕರ ಸೇವಕ’. ಸುಮಾರು 1,400 ವರ್ಷಗಳ ಹಿಂದೆ ಮಹಾ ಗ್ರೆಗೊರಿ ಬಳಸಿದ ಬಿರುದು ಅದು. ಬಿರುದು ನಿಜವೋ ಅಲಂಕಾರವೋ ಎಂದು ಪರೀಕ್ಷಿಸಲು ವರ್ಷಕ್ಕೊಂದು ಸಂಜೆಯನ್ನೂ ಇಟ್ಟಿದ್ದಾರೆ.

ಅದು ಶುಭ ಶುಕ್ರವಾರದ ಹಿಂದಿನ ಗುರುವಾರ. ಪೀಠದ ಮುಂದಿನ ಬೆಂಚಿನಲ್ಲಿ ಹನ್ನೆರಡು ಮಂದಿ ಕೂರುತ್ತಾರೆ. ಪಾದ್ರಿ ಮೇಲಿನ ಪೂಜಾವಸ್ತ್ರ ತೆಗೆದಿಟ್ಟು ಸೊಂಟಕ್ಕೆ ಟವೆಲ್ ಸುತ್ತಿಕೊಂಡು, ಒಬ್ಬೊಬ್ಬರ ಮುಂದೆ ಮಂಡಿಯೂರಿ, ಚೊಂಬಿನಿಂದ ನೀರು ಹನಿಸಿ, ಪಾದ ತೊಳೆದು ಒರೆಸುತ್ತಾರೆ. ಭತ್ತದ ಗದ್ದೆಯಲ್ಲಿ ಒಡೆದ ಹಿಮ್ಮಡಿಗಳು ಅವು. ಒಂದು ತಮಾಷೆ ಎಂದರೆ, ತೊಳೆಸಿಕೊಳ್ಳುವ ಕಾಲನ್ನು ಎಲ್ಲರೂ ಮನೆಯಲ್ಲೇ ಸಾಬೂನು ಹಚ್ಚಿ ತಿಕ್ಕಿಕೊಂಡು ಬಂದಿರುತ್ತಾರೆ. ಫಾದರ್ ಕೈಗೆ ಮಣ್ಣು ಹತ್ತಬಾರದಲ್ಲ! ಶಿಷ್ಯರ ಪಾದ ತೊಳೆಯಲು ಬಗ್ಗಿದ ಯೇಸುವಿನ ಮುಂದೆ ಪೇತ್ರನೂ ಕಾಲು ಹಿಂದೆಳೆದುಕೊಂಡವನೇ. ಸೇವೆ ಮಾಡುವುದಕ್ಕಿಂತ ಮಾಡಿಸಿಕೊಳ್ಳುವುದು ಕಷ್ಟ. ಆ ಹನ್ನೆರಡು ಮಂದಿ ಗಂಡಸರೇ ಆಗಿರಬೇಕೆಂಬ ನಿಯಮವನ್ನು ಪೋಪ್ ಫ್ರಾನ್ಸಿಸ್ 2016ರ ಜನವರಿಯಲ್ಲಿ ಬದಲಿಸಿದರು. ಹೆಂಗಸರ ಹಿಮ್ಮಡಿಯೂ ಒಡೆದಿರುತ್ತದೆ ಎಂಬುದು ಕಾನೂನಿಗೆ ಗೊತ್ತಾಗಲು ಅಷ್ಟು ಕಾಲ ಹಿಡಿಯಿತು.

ಇದೇ ಪದ ಕೋರ್ಟು ಕಚೇರಿಯ ಅಂಗಳಕ್ಕೂ ಬಂದು ನಿಂತಿತು. ‘ಸೇವೆಯ ಹೆಸರಿನಲ್ಲಿ ಮತಾಂತರ’ ಎಂಬುದು ಪತ್ರಿಕೆಗಳಲ್ಲಿ ಸವೆದ ನುಡಿಗಟ್ಟು. 2021ರ ಡಿಸೆಂಬರ್ 23ರಂದು ವಿಧಾನಸಭೆ ಮತಾಂತರ ತಡೆ ಮಸೂದೆಗೆ ಒಪ್ಪಿಗೆ ಕೊಟ್ಟದ್ದು ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲೇ. ಆಮಿಷ ಎಂದರೇನು ಎಂಬ ಅದರ ವಿವರಣೆಯಲ್ಲಿ ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಕೊಡುವ ಉಚಿತ ಶಿಕ್ಷಣವೂ ಸೇರಿತ್ತು. ಜೆಸ್ವಿತರು 1856ರಲ್ಲಿ ಸೇಂಟ್ ಪಾಲ್ಸ್ ಶಾಲೆ ತೆರೆದ ಊರಿದು. ಧರ್ಮ ಯಾವುದೇ ಇರಲಿ, ಮಕ್ಕಳ ಅಡ್ಮಿಷನ್ನಿಗೆ ಜನ ಸಾಲು ನಿಲ್ಲುವ ಊರೂ ಹೌದು. ಅದೇ ತಿಂಗಳು ನಗರದ ಚರ್ಚೊಂದರ ಆವರಣದಲ್ಲಿ ಕತ್ತಿ ಹಿಡಿದವನೊಬ್ಬ ಪಾದ್ರಿಯ ಬೆನ್ನಟ್ಟಿದ ದೃಶ್ಯ ಸಿಸಿಟಿವಿಯಲ್ಲಿ ದಾಖಲಾಯಿತು. 2023ರ ಜೂನಿನಲ್ಲಿ ಹೊಸ ಸರ್ಕಾರದ ಸಂಪುಟ ಕಾಯ್ದೆ ರದ್ದು ಮಾಡುವ ತೀರ್ಮಾನ ತೆಗೆದುಕೊಂಡಿತು. ಆಸೆ ತೋರಿಸಿ ಮತ ಬದಲಿಸುವುದು ಸೇವೆಯಲ್ಲ, ಇದನ್ನು ಚರ್ಚಿನವರೂ ಒಪ್ಪುತ್ತಾರೆ. ಆದರೆ ಗಂಜಿ ಬಡಿಸಿದವರ ಕೈಯನ್ನೆಲ್ಲ ಅನುಮಾನದಿಂದ ನೋಡುವ ಅಭ್ಯಾಸ ಒಮ್ಮೆ ಹತ್ತಿದರೆ ಪದ ಕೆಡುತ್ತದೆ. ಅದರ ನಷ್ಟ ಮಠಕ್ಕೂ ಇದೆ, ಸೇವಾದಳಕ್ಕೂ ಇದೆ.

ಶಿಷ್ಯ ಎಂಬ ಪದಕ್ಕೆ ಇಷ್ಟು ಕಷ್ಟ ಬರಲಿಲ್ಲ. ಮಠದಲ್ಲಿ ಶಿಷ್ಯ, ಗ್ಯಾರೇಜಿನಲ್ಲಿ ಶಿಷ್ಯ, ಬೆಂಗಳೂರಿನ ಬೀದಿಯಲ್ಲಿ ‘ಏನ್ ಶಿಷ್ಯಾ’. ಸಭೆಗಳಲ್ಲಿ ಈಗ ಶಿಷ್ಯತ್ವದ ತರಗತಿಗಳು ನಡೆಯುತ್ತವೆ, ಪುಸ್ತಕವಿರುತ್ತದೆ, ಕೊನೆಗೆ ಸರ್ಟಿಫಿಕೇಟೂ ಸಿಗಬಹುದು. ಬೈಬಲ್ಲಿನ ಶಿಷ್ಯರಿಗೆ ಸಿಕ್ಕದ್ದು ನಡಿಗೆ. ಊರಿಂದೂರಿಗೆ ಗುರುವಿನ ಹಿಂದೆ ನಡೆದರು, ನಡೆಯುತ್ತ ಕಲಿತರು. ಖಾನಾಪುರದ ಕಾಡಂಚಿನಲ್ಲಿ ಇದು ಬೇಗ ಅರ್ಥವಾಗುತ್ತದೆ. ಭೀಮಗಡ ಅಭಯಾರಣ್ಯದ ಒಳಗಿನ ಆಮಗಾಂವದಂಥ ಹಳ್ಳಿಗಳಿಗೆ ಮಳೆಗಾಲದಲ್ಲಿ ವಾಹನ ಹೋಗುವುದಿಲ್ಲ. 2024ರಲ್ಲಿ ಕಾಯಿಲೆ ಬಿದ್ದ ಮಹಿಳೆಯೊಬ್ಬರನ್ನು ಅಲ್ಲಿಂದ ಹಳ್ಳಿಗರು ಸುರಿವ ಮಳೆಯಲ್ಲಿ ಹೊತ್ತು ತಂದದ್ದು ರಾಜ್ಯದಲ್ಲೆಲ್ಲ ಸುದ್ದಿಯಾಯಿತು. ಆರೋಗ್ಯ ಸೇವೆ ಎಂಬುದು ಇಲಾಖೆಯ ಹೆಸರಿನಲ್ಲಿದೆ. ಆ ದಿನ ಅದು ಹಳ್ಳಿಗರ ಹೆಗಲ ಮೇಲಿತ್ತು.

ಬೆಳಗಾವಿಯ ಸಭೆಗಳಲ್ಲೂ ಪದವಿಲ್ಲದೆ ನಡೆಯುವ ಕೆಲಸವೇ ಹೆಚ್ಚು. ಆಸ್ಪತ್ರೆಯಲ್ಲಿ ಯಾರಾದರೂ ಮಲಗಿದರೆ ಸರದಿಯ ಮೇಲೆ ಡಬ್ಬಿ ಒಯ್ಯುವವರಿದ್ದಾರೆ. ಸಂಡೇ ಸ್ಕೂಲಿನ ಮಕ್ಕಳ ಮೂಗು ಒರೆಸಿ ಹಾಡು ಕಲಿಸುವ ಕಾಲೇಜು ಹುಡುಗಿಯರಿದ್ದಾರೆ. ಪಾದ್ರಿ ತಿಂಗಳಿಗೊಮ್ಮೆ ಮಾತ್ರ ಬರುವ ಹಳ್ಳಿಯಲ್ಲಿ ಉಳಿದ ಭಾನುವಾರಗಳ ಪ್ರಾರ್ಥನೆ ನಡೆಸುವ ಉಪದೇಶಿ ಇದ್ದಾರೆ. ಏನು ಮಾಡುತ್ತೀರಿ ಎಂದು ಕೇಳಿದರೆ ಇವರ್ಯಾರೂ ‘ಸೇವಾ’ ಅನ್ನುವುದಿಲ್ಲ. ‘ಏನಿಲ್ರಿ, ಹಂಗ ಹೋಗಿ ಬರ್ತೀವಿ’ ಅಂತಾರೆ.

ವರ್ಷದ ಕೊನೆಗೆ ಪ್ರತಿ ಸಭೆಯೂ ವರದಿ ಪುಸ್ತಕ ಅಚ್ಚು ಹಾಕಿಸುತ್ತದೆ. ಮೊದಲ ಪುಟದಲ್ಲಿ ಬಿಷಪ್ಪರ ಸಂದೇಶ, ಎರಡನೆಯದರಲ್ಲಿ ಪಾಸ್ಟರರ ಫೋಟೊ, ಆಮೇಲೆ ‘ಸೇವಾ ವರದಿ’. ಕಮಿಟಿಯವರು ಈ ಸಲ ಆ ಶೀರ್ಷಿಕೆಯ ಕೆಳಗೆ ಡಬ್ಬಿ ಒಯ್ದವರ, ಈರುಳ್ಳಿ ಹೆಚ್ಚಿದವರ ಹೆಸರುಗಳನ್ನೂ ಹಾಕಲಿ. ಒಂದು ಪುಟ ಹೆಚ್ಚಾದೀತು, ಪ್ರೆಸ್ಸಿನವರಿಗೆ ಮೊದಲೇ ಹೇಳಿಟ್ಟರೆ ಸಾಕು.