ಸೋತವರು ಬದುಕಿ ಉಳಿದ ಎದೋ

ಟೋಕಿಯೋದ ಇತಾಬಾಶಿ ರೈಲು ನಿಲ್ದಾಣದ ಹತ್ತಿರ ಒಂದು ಎತ್ತರದ ಕಲ್ಲಿದೆ. ಮುಂಭಾಗದಲ್ಲಿ ಕೊಂಡೋ ಇಸಾಮಿ, ಹಿಜಿಕಾತಾ ತೊಶಿಜೋ ಎಂಬ ಎರಡು ಹೆಸರು. ಪಕ್ಕಗಳಲ್ಲಿ, ಜಪಾನನ್ನು ಆಳುತ್ತಿದ್ದ ಶೋಗನ್ ಪರ ಕಾದಾಡಿದ ಅವರ ಶಿನ್ಸೆನ್‌ಗುಮಿ ಪಡೆಯಲ್ಲಿ ಸತ್ತವರ ಹೆಸರುಗಳು. ಕಲ್ಲು ನೆಡಿಸಿದವನು ಅದೇ ಪಡೆಯಲ್ಲಿ ಬದುಕುಳಿದ ನಾಗಾಕುರಾ ಶಿಂಪಾಚಿ, 1876ರಲ್ಲಿ. ಆ ವರ್ಷದ ಮಾರ್ಚಿನಲ್ಲೇ ಮೇಜಿ ಸರ್ಕಾರ ಸಮುರಾಯ್‌ಗಳು ಸೊಂಟಕ್ಕೆ ಕತ್ತಿ ಕಟ್ಟಿಕೊಂಡು ತಿರುಗಬಾರದೆಂದು ಆಜ್ಞೆ ಹೊರಡಿಸಿತ್ತು. ನಾಗಾಕುರಾ ಮಾತ್ರ 1915ರವರೆಗೆ ಬದುಕಿದ. ಹೊಕ್ಕೈಡೋದ ಒತಾರು ಪಟ್ಟಣದಲ್ಲಿ, ಮುಪ್ಪಿನಲ್ಲಿ, ಮೊಮ್ಮಕ್ಕಳ ಜೊತೆ ಸಿನಿಮಾ ನೋಡಲು ಹೋಗುತ್ತಿದ್ದನಂತೆ.

ಬಿ.ಎ. ತರಗತಿಗೆ ಆಧುನಿಕ ಜಪಾನಿನ ಪಾಠ ಮಾಡುವವಳು ನಾನು. ನಮ್ಮ ಪಠ್ಯದಲ್ಲಿ ಇವರಾರ ಹೆಸರೂ ಇಲ್ಲ. 1853ರಲ್ಲಿ ಅಮೆರಿಕದ ಪೆರಿ ಹಡಗು ತಂದ, 1868ರಲ್ಲಿ ಶೋಗನ್ ಆಳ್ವಿಕೆ ಮುಗಿಯಿತು, ಎದೋ ಊರು ಟೋಕಿಯೋ ಆಯಿತು, ರೈಲು ಬಂತು, ಕಾರ್ಖಾನೆ ಬಂತು. ಆ ಹದಿನೈದು ವರ್ಷಗಳಲ್ಲಿ ಬೀದಿಬೀದಿಯಲ್ಲಿ ಕಡಿದಾಡಿ ಸತ್ತ ಇಪ್ಪತ್ತು ಮೂವತ್ತರ ಹುಡುಗರು ಪಾಠದ ಸಾಲುಗಳ ನಡುವೆ ಎಲ್ಲೋ ಬಿದ್ದುಹೋಗಿದ್ದಾರೆ. ಅವರನ್ನು ಮತ್ತೆ ಎತ್ತಿ ತಂದದ್ದು ಒಂದು ಹಾಸ್ಯದ ಅನಿಮೆ. ಅದು ‘ಗಿಂತಾಮಾ’. ನನ್ನ ವಿದ್ಯಾರ್ಥಿಗಳಲ್ಲಿ ಕೆಲವರಿಗೆ ನನ್ನ ಪಾಠಕ್ಕಿಂತ ಮೊದಲೇ ಆ ಹೆಸರುಗಳು ಗೊತ್ತಿದ್ದದ್ದು ಇದರಿಂದ.

ಬರೆದವರು ಹಿದೆಯಾಕಿ ಸೊರಾಚಿ, ಹೊಕ್ಕೈಡೋದವರು. 2003ರ ಕೊನೆಯಲ್ಲಿ ‘ಶೋನೆನ್ ಜಂಪ್’ ವಾರಪತ್ರಿಕೆಯಲ್ಲಿ ಇದರ ಚಿತ್ರಕಥೆ ಶುರುವಾಯಿತು. 2004ಕ್ಕೆ ಎನ್‌ಎಚ್‌ಕೆ ವಾಹಿನಿಯಲ್ಲಿ ಶಿನ್ಸೆನ್‌ಗುಮಿ ಪಡೆಯ ಮೇಲೆ ವರ್ಷವಿಡೀ ಧಾರಾವಾಹಿ ಬರುವುದಿತ್ತು. ಆ ಪಡೆಯ ಕಥೆಯನ್ನೇ ಮಾಡಿ ಎಂದು ಸಂಪಾದಕರು ಸೂಚಿಸಿದ್ದರು. ಸೊರಾಚಿಗೂ ಹಿಜಿಕಾತಾ ಬಹಳ ಇಷ್ಟ. ಆದರೆ ಬರೀ ಇತಿಹಾಸ ಅವರಿಗೆ ಸಪ್ಪೆ ಎನಿಸಿತು. ಹಾಗಾಗಿ ಪೆರಿಯ ಹಡಗಿನ ಜಾಗದಲ್ಲಿ ಆಕಾಶದಿಂದ ಅನ್ಯಗ್ರಹದವರನ್ನು ಇಳಿಸಿದರು. ಸಮುರಾಯ್‌ಗಳು ಕಾದಿ ಸೋತಿದ್ದಾರೆ, ಕತ್ತಿ ನಿಷೇಧವಾಗಿದೆ, ಎದೋದ ಮೇಲೆ ವ್ಯೋಮನೌಕೆಗಳು ಹಾರುತ್ತಿವೆ. ಯುದ್ಧ ಮುಗಿಸಿ ಬಂದ ಗಿಂತೋಕಿ ಎಂಬವನು ಎದೋದ ಕಬುಕಿಚೋ ಬಡಾವಣೆಯಲ್ಲಿ ಬಾಡಿಗೆ ಕೊಡಲಾಗದೆ, ಯಾವ ಕೆಲಸ ಸಿಕ್ಕರೂ ಮಾಡುತ್ತ, ಸಿಹಿ ತಿನ್ನುತ್ತ ಬಿದ್ದುಕೊಂಡಿದ್ದಾನೆ. ಅವನ ಸೊಂಟದಲ್ಲಿರುವುದು ಮರದ ಕತ್ತಿ. ಹಿಡಿಯ ಮೇಲೆ ಹೊಕ್ಕೈಡೋದ ತೋಯಾ ಸರೋವರದ ಹೆಸರು ಕೊರೆದಿದೆ, ಪ್ರವಾಸಿಗರು ನೆನಪಿಗೆಂದು ಕೊಳ್ಳುವ ಸರಕಿನ ಹಾಗೆ. 2006ರಿಂದ 2018ರವರೆಗೆ ಬಿಟ್ಟುಬಿಟ್ಟು 367 ಕಂತು ಅನಿಮೆ ಬಂತು. ಚಿತ್ರಕಥೆ 704 ಅಧ್ಯಾಯ ಓಡಿ 2019ರಲ್ಲಿ ಮುಗಿಯಿತು. ಕಥೆಯ ಅಂತ್ಯವನ್ನು ತೋರಿಸುವ ಸಿನಿಮಾ ಬಂದದ್ದು 2021ರ ಜನವರಿಯಲ್ಲಿ.

ಗಿಂತಾಮಾದ ನಗುವಿಗೆ ಒಂದು ಕೆಲಸವಿದೆ ಎಂಬುದು ನನ್ನ ನಂಬಿಕೆ. ಇತಿಹಾಸ ಯಾರನ್ನು ಬೇಗ ಕೊಂದಿತೋ ಅವರಿಗೆ ಅದು ಆಯುಸ್ಸು ಕೊಡುತ್ತದೆ. ಶೋಗನ್ ಆಳ್ವಿಕೆಯ ವಿರುದ್ಧ ನಿಂತಿದ್ದ ತಾಕಾಸುಗಿ ಶಿನ್ಸಾಕು ಕ್ಷಯದಿಂದ 1867ರಲ್ಲಿ ಸತ್ತ. ಅದೇ ಕಡೆಯ ಸಾಕಾಮೊತೊ ರ್ಯೋಮಾನನ್ನು ಅದೇ ವರ್ಷದ ಡಿಸೆಂಬರಿನಲ್ಲಿ ಕ್ಯೋಟೋದಲ್ಲಿ ಕಡಿದರು. ಕೊಂಡೋನನ್ನು 1868ರ ಮೇ ತಿಂಗಳಲ್ಲಿ ಇತಾಬಾಶಿಯಲ್ಲಿ ಶಿರಚ್ಛೇದ ಮಾಡಿದರು. ಸಮುರಾಯ್‌ಗೆ ಸಲ್ಲಬೇಕಿದ್ದ ಹೊಟ್ಟೆ ಸೀಳಿಕೊಳ್ಳುವ ಸಾವನ್ನೂ ಕೊಡದೆ, ಕಳ್ಳನ ತಲೆ ಕಡಿದಂತೆ ಕಡಿದು, ಆ ತಲೆಯನ್ನು ಕ್ಯೋಟೋಗೆ ಒಯ್ದು ಜನರಿಗೆ ತೋರಿಸಿದರು. ಹಿಜಿಕಾತಾ 1869ರ ಜೂನಿನಲ್ಲಿ ಹಾಕೊದಾತೆಯಲ್ಲಿ ಗುಂಡೇಟಿಗೆ ಬಿದ್ದ. ಸೊರಾಚಿ ಈ ಹೆಸರುಗಳನ್ನು ಒಂದೊಂದು ಅಕ್ಷರ ತಿರುಚಿ ಒಂದೇ ಕಥೆಯೊಳಗೆ ತಂದರು. ಅಲ್ಲಿ ಹಿಜಿಕಾತಾ ಅನ್ನದ ಮೇಲೆಲ್ಲ ಮಯೊನೀಸ್ ಸುರಿದುಕೊಂಡು ತಿನ್ನುತ್ತಾನೆ. ಕೊಂಡೋ ತನ್ನನ್ನು ಒಲ್ಲದ ಹೆಣ್ಣಿನ ಹಿಂದೆ ಬಿದ್ದು ಒದೆ ತಿನ್ನುತ್ತಾನೆ. ಇಷ್ಟು ಪೆದ್ದುತನ ಮಾಡುವಷ್ಟು ದಿನ ನಿಜವಾದ ಕೊಂಡೋಗೆ ಸಿಗಲೇ ಇಲ್ಲ.

ನಗಿಸಿ ಅಳಿಸುವ ವಿದ್ಯೆ ಅಲ್ಲಿಯವರಿಗೆ ಹೊಸತಲ್ಲ. ಮೊಣಕಾಲೂರಿ ಕೂತು, ಕೈಯಲ್ಲೊಂದು ಬೀಸಣಿಗೆ ಹಿಡಿದು ಒಬ್ಬನೇ ಎಲ್ಲರ ಮಾತನ್ನೂ ಆಡುವ ರಾಕುಗೋ ಕಲೆ ಎದೋದಲ್ಲೂ ಬೆಳೆದದ್ದು. ಅದರಲ್ಲಿ ಕರುಳು ಹಿಂಡುವ ಕಥೆಗಳದ್ದೇ ಒಂದು ಬಗೆ. ಅದರ ದೊಡ್ಡ ಕಲಾವಿದ ಸಾನ್‌ಯೂತೇ ಎಂಚೋ ಹುಟ್ಟಿದ್ದು 1839ರಲ್ಲಿ, ತೀರಿಕೊಂಡದ್ದು 1900ರಲ್ಲಿ. ಅಂದರೆ ಇದೇ ಹುಡುಗರ ಓರಗೆಯವನು.

ಗಿಂತಾಮಾದಲ್ಲಿ ಈ ವಿದ್ಯೆ ಪೂರ್ತಿ ಕೈಗೂಡಿರುವುದು ಮಿತ್ಸುಬಾಳ ಕಥೆಯಲ್ಲಿ. ಚರಿತ್ರೆಯ ಒಕಿತಾ ಸೋಜಿಗೆ ಮಿತ್ಸು ಎಂಬ ಅಕ್ಕನಿದ್ದಳು. ಸೋಜಿ ಶಿನ್ಸೆನ್‌ಗುಮಿಯ ಅತಿ ಚುರುಕಿನ ಕತ್ತಿವರಸೆಗಾರ. ಕ್ಷಯ ತಗುಲಿ, ಹಾಸಿಗೆಯಲ್ಲೇ 1868ರಲ್ಲಿ ಹೋದ. ಅನಿಮೆಯ ಒಕಿತಾ ಗಟ್ಟಿಮುಟ್ಟಾಗಿದ್ದಾನೆ. ಎದೆಯ ಕಾಯಿಲೆ ಇರುವುದು ಅಕ್ಕ ಮಿತ್ಸುಬಾಗೆ. ತಮ್ಮನ ರೋಗವನ್ನು ಕಥೆಗಾರರು ಅಕ್ಕನಿಗೆ ವರ್ಗಾಯಿಸಿದ್ದಾರೆ. ಇತಿಹಾಸದ ಸಾಲ ತೀರಲೇಬೇಕಿತ್ತು, ಆದರೆ ತೀರಿಸಿದವಳು ಬೇರೆ. ಮಿತ್ಸುಬಾಗೆ ಖಾರವೆಂದರೆ ಪ್ರಾಣ. ಏನೇ ಕೊಟ್ಟರೂ ಕೆಂಪಗಾಗುವಷ್ಟು ಖಾರ ಸುರಿದು ಎದುರಿನವರಿಗೂ ತಿನ್ನಿಸುತ್ತಾಳೆ. ಅದನ್ನು ನೋಡಿ ನಾವು ಹೊಟ್ಟೆ ಹಿಡಿದು ನಗುತ್ತೇವೆ. ಅವಳು ಪ್ರೀತಿಸಿದ್ದು ಹಿಜಿಕಾತಾನನ್ನು; ಯಾವತ್ತು ಸಾಯುತ್ತೇನೋ ಗೊತ್ತಿಲ್ಲದ ತನ್ನಂಥವನ ಜೊತೆ ಅವಳು ಬೇಡವೆಂದು ಅವನು ಊರಲ್ಲೇ ಬಿಟ್ಟು ಬಂದಿದ್ದ. ಅವಳು ಪ್ರಾಣ ಬಿಡುವಾಗ ಹಿಜಿಕಾತಾ ಆಸ್ಪತ್ರೆಯ ಮಾಳಿಗೆ ಮೇಲೆ ಒಬ್ಬನೇ ಕೂತು ಅವಳಿಷ್ಟದ ಖಾರದ ಸೆಂಬೆ, ಅಂದರೆ ಅಕ್ಕಿಯ ಗರಿಗರಿ ಬಿಲ್ಲೆ, ಕಡಿಯುತ್ತಾನೆ. ಕಣ್ಣಲ್ಲಿ ನೀರು ಸುರಿಯುತ್ತಿದೆ. ಖಾರಕ್ಕೆ ಎಂದುಕೊಳ್ಳುತ್ತಾನೆ. ನಗಿಸಿದ್ದ ಖಾರವೇ ಅಳಲು ನೆಪವಾಯಿತು. ಇದು ಇತಿಹಾಸವನ್ನು ಬಲ್ಲವನ ಬರವಣಿಗೆ. ಜೋಕಿನ ನಡುವೆ ಸಾವನ್ನು ತುರುಕುವವರು ಬೇಕಾದಷ್ಟು ಜನ ಇದ್ದಾರೆ, ಇದು ಹಾಗಲ್ಲ.

ಯೋಶಿವಾರಾದ ಕಥೆಯೂ ಹೀಗೆಯೇ. ಸರ್ಕಾರದ ಅಪ್ಪಣೆಯಿಂದ 1617ರಲ್ಲಿ ಹುಟ್ಟಿದ ವೇಶ್ಯಾವಾಡೆ ಅದು. 1657ರ ದೊಡ್ಡ ಬೆಂಕಿಯ ನಂತರ ಅಸಾಕುಸಾದ ಉತ್ತರಕ್ಕೆ ಹೋಯಿತು. ಸುತ್ತ ಕಂದಕ, ಒಂದೇ ಹೆಬ್ಬಾಗಿಲು. ದಿಕ್ಕಿಲ್ಲದೆ ಸತ್ತ ಹೆಂಗಸರ ಹೆಣಗಳನ್ನು ಹತ್ತಿರದ ಜೋಕಾನ್‌ಜಿ ದೇವಾಲಯಕ್ಕೆ ಒಯ್ದು ಹಾಕುತ್ತಿದ್ದರು. ಪೂರ್ತಿ ಮುಚ್ಚಿದ್ದು 1958ರಲ್ಲಿ. ಸೊರಾಚಿ ಆ ಜಾಗವನ್ನು ಬಿಸಿಲೇ ಬೀಳದ ನೆಲದಡಿಯ ಊರು ಮಾಡಿದರು, ಕೊನೆಗೆ ಅದರ ಛಾವಣಿ ತೆರೆಸಿದರು.

ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು 2016ರ ಮೊದಲ ತಿಂಗಳುಗಳ ಕಂತುಗಳು. ಶೋಗನ್ ಸತ್ತಿದ್ದಾನೆ, ಶಿನ್ಸೆನ್‌ಗುಮಿ ಬರಖಾಸ್ತಾಗಿದೆ, ಕೊಂಡೋ ಸೆರೆಮನೆಯಲ್ಲಿದ್ದಾನೆ. ಇತಿಹಾಸ ಓದಿದವರಿಗೆ ಮುಂದಿನದು ಗೊತ್ತು, ಇತಾಬಾಶಿ. ಆದರೆ ಇಲ್ಲಿ ಅವನು ಸೆರೆಯಿಂದ ಹೊರಬರಲು ಹೋರಾಡುವವರಲ್ಲಿ ಗೆಳೆಯರ ಜೊತೆಗೆ ಕತ್ಸುರಾನೂ ಇದ್ದಾನೆ. ನಿಜವಾದ ಕತ್ಸುರಾ ಕೊಗೊರೋ ಶಿನ್ಸೆನ್‌ಗುಮಿಯ ಕಡುವೈರಿ. 1864ರ ಜುಲೈನಲ್ಲಿ ಕ್ಯೋಟೋದ ಇಕೆದಾಯಾ ವಸತಿಗೃಹದ ಮೇಲೆ ಕೊಂಡೋನ ಪಡೆ ನುಗ್ಗಿ ಅವನ ಸಂಗಾತಿಗಳನ್ನು ಕೊಂದಿತ್ತು. ಆ ರಾತ್ರಿ ಕತ್ಸುರಾ ಅವರ ಕೈಗೆ ಸಿಗಲಿಲ್ಲ. ಅದೇ ಕತ್ಸುರಾ ಕೊಂಡೋನ ಪಕ್ಕ ನಿಂತು ಹೋರಾಡುವುದನ್ನು ನೋಡುವಾಗ ನನಗೆ ಗಂಟಲು ಕಟ್ಟುತ್ತದೆ. ಕೊಂಡೋ ಬದುಕುತ್ತಾನೆ.

ಪಾಠ 1868ಕ್ಕೆ ಬಂದಾಗ ಈಗ ನಾನು ಈ ಹೆಸರುಗಳನ್ನೆಲ್ಲ ಹಲಗೆಯ ಮೇಲೆ ಬರೆಯುತ್ತೇನೆ. ಹಿಂದಿನ ಬೆಂಚಿನ ಒಬ್ಬಳು ಕೇಳಿದಳು: “ಮೇಡಂ, ಕತ್ಸುರಾ ನಿಜವಾಗ್ಲೂ ಹಾಗೆ ಓಡ್ಹೋಗ್ತಾನೇ ಇದ್ನಾ?” ಹೌದಮ್ಮಾ, ಓಡಿಹೋಗುವ ಕೊಗೊರೋ ಅಂತಲೇ ಅವನಿಗೆ ಹೆಸರಿತ್ತು ಎಂದೆ. ಭಿಕ್ಷುಕನ ವೇಷದಲ್ಲಿ ಕ್ಯೋಟೋದ ನಿಜೋ ಸೇತುವೆಯ ಕೆಳಗೆ ಅಡಗಿದ್ದಾಗ ಇಕುಮಾತ್ಸು ಎಂಬ ಗೇಷಾ ಅವನಿಗೆ ಅನ್ನದ ಉಂಡೆ ತಂದುಕೊಡುತ್ತಿದ್ದಳೆಂದು ಜನ ಹೇಳುತ್ತಾರೆ. ಹಾಗೆ ಓಡಿ ಉಳಿದದ್ದಕ್ಕೇ ಅವನು ಕಿದೋ ತಾಕಾಯೋಶಿ ಎಂಬ ಹೆಸರಲ್ಲಿ ಹೊಸ ಸರ್ಕಾರ ಕಟ್ಟಿದವರಲ್ಲಿ ಒಬ್ಬನಾದ, ಅವಳನ್ನೇ ಮದುವೆಯಾದ. ಹುಡುಗಿ ತಟ್ಟನೆ ಹೇಳಿದಳು: “ಅನಿಮೆಯಲ್ಲಿ ಇಕುಮಾತ್ಸು ರಾಮೆನ್ ಅಂಗಡಿ ಇಟ್ಕೊಂಡಿದಾಳೆ, ಮೇಡಂ. ಅವಳ ಗಂಡ ಸತ್ತಿದ್ದೇ ಈ ಕತ್ಸುರಾ ಕಡೆಯವರ ಗಲಾಟೇಲಿ. ಗಾಯ ಆಗಿ ಬಿದ್ದಾಗ ಅವಳೇ ಊಟ ಹಾಕ್ತಾಳೆ.” ಅದನ್ನು ಇಡೀ ತರಗತಿಗೆ ಕೇಳುವಂತೆ ಇನ್ನೊಮ್ಮೆ ಹೇಳು ಎಂದೆ. ಎದ್ದು ನಿಂತು ಹೇಳಿದಳು.