ಬಿಸಿ ಸಲಾಕೆ, ಹಸಿ ಹೆರಳು

ಮೊನ್ನೆ ಖಾರಘರ್‌ನಿಂದ ಮಗಳ ಫೋನು. "ಅಮ್ಮಾ, ಅಪ್ಪನ ಹಳೇ ಧೋತರ ಏನಾದರೂ ಇದೆಯಾ? ಮೆತ್ತಗಿನದು ಬೇಕು." ಮನೆ ಒರೆಸಲಿಕ್ಕೆ ಇರಬೇಕು ಅಂದುಕೊಂಡೆ. ಅಲ್ಲವಂತೆ. ರಾತ್ರಿ ಕೂದಲಿಗೆ ಸುತ್ತಿಕೊಂಡು ಮಲಗಲಿಕ್ಕಂತೆ! ತಲೆಸ್ನಾನ ಮುಗಿಸಿ, ಅರೆ ಒಣಗಿದ ಕೂದಲನ್ನು ಬಟ್ಟೆಯ ಪಟ್ಟಿಗೆ ಸುತ್ತಿ ಕಟ್ಟಿ ಮಲಗಿದರೆ ಬೆಳಗ್ಗೆ ಬಿಚ್ಚಿದಾಗ ಅಲೆ ಅಲೆಯಾಗಿ ಇಳಿಯುತ್ತದೆ. ರಾಡು ಬೇಡ, ಡ್ರೈಯರು ಬೇಡ, ಕರೆಂಟು ಬೇಡ. ಇದಕ್ಕೆ ಈಗಿನ ಹುಡುಗಿಯರು 'ಹೀಟ್‌ಲೆಸ್ ಕರ್ಲ್ಸ್' ಅನ್ನುತ್ತಾರೆ. ಫೋನ್ ಇಟ್ಟ ಮೇಲೆ ನಗು ಬಂತು. ಜೊತೆಗೆ 2006ರ ಒಂದು ಸಂಜೆಯ ಸುಟ್ಟ ವಾಸನೆಯೂ ಮೂಗಿಗೆ ಬಡಿದಂತಾಯಿತು. ಆ ಕಥೆ ಆಮೇಲೆ ಹೇಳುತ್ತೇನೆ.

ಕೂದಲಿಗೂ ಒಂದು ಇತಿಹಾಸವೇ ಅಂತ ಮೂಗು ಮುರಿಯಬೇಡಿ. ನಮ್ಮ ಉತ್ತರ ಕರ್ನಾಟಕದ ಸೀಮೆಗೆ ಹಿಂದೆ ಕುಂತಲ ದೇಶ ಅಂತಲೇ ಹೆಸರು. ಕುಂತಲ ಅಂದರೆ ಕೂದಲು ತಾನೆ? ಧಾರವಾಡದವಳಾದ ನನಗೆ ಇಷ್ಟು ಹಕ್ಕಾದರೂ ಇರಲಿ.

ನಾನು ಮದುವೆಯಾಗಿ ಡೊಂಬಿವಲಿಗೆ ಬಂದದ್ದು 1986ರಲ್ಲಿ. ಆಗ ಲೇಡೀಸ್ ಡಬ್ಬಿಯಲ್ಲಿ ಕೂದಲು ಬಿಟ್ಟುಕೊಂಡು ಬರುವವರು ಬಹಳ ಕಡಿಮೆ. ಒಂದೋ ಉದ್ದ ಹೆರಳು, ಇಲ್ಲವೇ ಮರಾಠಿಯವರ ಅಂಬಾಡಾ, ಅದರ ಮೇಲೊಂದು ಗಜರಾ. ನಾವು ಹೆರಳು ಅನ್ನುವುದನ್ನು ಪಕ್ಕದ ಮನೆಯ ಉಡುಪಿಯ ಅಕ್ಕ ಜಡೆ ಅನ್ನುತ್ತಿದ್ದರು, ಎದುರು ಮನೆಯ ಕಾಕು ವೇಣಿ ಅನ್ನುತ್ತಿದ್ದರು. ಕಾಕುಗೆ ಮುಡಿಯುವ ಹೂಮಾಲೆಯೂ ವೇಣಿಯೇ. ಮೂವರದೂ ಬೆಳಗಿನ ಲೆಕ್ಕ ಒಂದೇ: ಡಬ್ಬಿ ಕಟ್ಟು, ನೀರು ತುಂಬಿಸು, ಹೆರಳು ಹಾಕಿಕೋ, ಓಡು. ಹೊತ್ತಾದರೆ ಹಣಿಗೆಯನ್ನು ಪರ್ಸಿನಲ್ಲಿ ಹಾಕಿಕೊಂಡು ಓಡುವುದು. ಸೀಟು ಸಿಕ್ಕರೆ ಥಾಣೆ ಬರುವಷ್ಟರಲ್ಲಿ ಹೆರಳು ಮುಗಿದಿರುತ್ತಿತ್ತು. ಸಿಗದಿದ್ದರೆ ಕೂತವಳು ಯಾರೋ ಹಾಕಿಕೊಡುತ್ತಿದ್ದಳು. ಹೆಸರೂ ಗೊತ್ತಿರದ ಎಷ್ಟು ಜನ ನನ್ನ ತಲೆ ಬಾಚಿದ್ದಾರೋ!

ಬಿಚ್ಚಿದ ಕೂದಲು ಬಂದದ್ದು ನಿಧಾನವಾಗಿ. 1994ರಲ್ಲಿ ಸುಶ್ಮಿತಾ ಸೇನ್, ಐಶ್ವರ್ಯಾ ರೈ ಇಬ್ಬರೂ ಕಿರೀಟ ಹೊತ್ತು ಬಂದ ಮೇಲೆ ನಮ್ಮ ಗಲ್ಲಿಗಳಲ್ಲೂ ಬ್ಯೂಟಿ ಪಾರ್ಲರುಗಳ ಬೋರ್ಡುಗಳು ಹೆಚ್ಚಿದವು. ಮೊದಲು ಸ್ಟೆಪ್ ಕಟ್, ಆಮೇಲೆ ಬಟ್ಟೆಯ ಇಸ್ತ್ರಿಯನ್ನೇ ಕೂದಲ ಮೇಲೆ ಆಡಿಸಿ ನೆಟ್ಟಗೆ ಮಾಡಿಕೊಳ್ಳುವ ಹುಚ್ಚು, ಅದಾದ ಮೇಲೆ ನೆಟ್ಟಗಿದ್ದದ್ದನ್ನು ಮತ್ತೆ ಸುರುಳಿ ಮಾಡುವ ಹುಚ್ಚು. ಹೀಗೆ ಒಂದು ಕರ್ಲಿಂಗ್ ರಾಡು ನಮ್ಮ ಮನೆಗೂ ಬಂತು.

ಈ ಬಿಸಿ ಸಲಾಕೆ ಏನೂ ಹೊಸದಲ್ಲ. ಎರಡು ಸಾವಿರ ವರ್ಷಗಳ ಹಿಂದೆ ರೋಮಿನ ಶ್ರೀಮಂತ ಹೆಂಗಸರು ಕಬ್ಬಿಣದ ಸಲಾಕೆಯನ್ನು ಬಿಸಿ ಬೂದಿಯಲ್ಲಿ ಕಾಯಿಸಿ ಕೂದಲು ಸುತ್ತಿಸಿಕೊಳ್ಳುತ್ತಿದ್ದರು. ಓವಿಡ್ ಎಂಬ ಕವಿ, ಬಣ್ಣ ಹಚ್ಚಿ ಹಚ್ಚಿ ಕೂದಲು ಕಳೆದುಕೊಂಡ ಗೆಳತಿಯ ಮೇಲೆ ಒಂದು ಇಡೀ ಕವಿತೆ ಬರೆದಿದ್ದಾನೆ. ಆ ಕೂದಲು ಪಾಪ ಕಬ್ಬಿಣ, ಬೆಂಕಿ ಎರಡನ್ನೂ ಎಷ್ಟು ತಾಳಿಕೊಂಡಿತ್ತು ಅಂತ ಮರುಗುತ್ತಾನೆ. ಇನ್ನು ನಿನಗೆ ಜರ್ಮನಿಯ ಸೆರೆಯಾಳು ಹೆಣ್ಣುಗಳ ಕೂದಲೇ ಗತಿ ಅಂತಾನೆ. ಅಂದರೆ ನಮ್ಮ ಕಡೆಯ ಗಂಗಾವನ. ಕೂದಲು ಹೋದವಳ ಸಂಕಟಕ್ಕಿಂತ ಆತನ ಸಂಕಟವೇ ಹೆಚ್ಚು ಅನ್ನುವ ಧಾಟಿ ಬೇರೆ!

ಸಲಾಕೆಗೆ ಮರ್ಯಾದೆ ತಂದುಕೊಟ್ಟವನು ಪ್ಯಾರಿಸಿನ ಮಾರ್ಸೆಲ್ ಗ್ರಾತೋ. 1872ರ ಹೊತ್ತಿಗೆ ಅವನು ಇಕ್ಕಳದಂಥ ಬಿಸಿ ಕಬ್ಬಿಣದಲ್ಲಿ ಕೂದಲನ್ನು ಹಿಡಿದು ತಿರುವಿ, ಕೃತಕ ಎಂದು ಗೊತ್ತಾಗದಂಥ ಅಲೆ ಎಬ್ಬಿಸುವ ಕಲೆ ಕಂಡುಕೊಂಡ. ಅದೇ 'ಮಾರ್ಸೆಲ್ ವೇವ್'. ಇಕ್ಕಳ ಎಷ್ಟು ಕಾದಿದೆ ಎಂದು ನೋಡಲು ಕೇಶಕಾರರು ಅದನ್ನು ಮೊದಲು ಕಾಗದಕ್ಕೆ ಒತ್ತುತ್ತಿದ್ದರು. ಕಾಗದ ಕಂದಿದರೆ ಇನ್ನಷ್ಟು ಆರಬೇಕು. ಮನೆಯಲ್ಲಿ ಅಷ್ಟು ತಾಳ್ಮೆ ಯಾರಿಗೆ? 1868ರ ಅಮೆರಿಕದ ಕಾದಂಬರಿ 'ಲಿಟಲ್ ವಿಮೆನ್'ನಲ್ಲೇ ತಂಗಿ ಜೋ, ಪಾರ್ಟಿಗೆ ಹೊರಟ ಅಕ್ಕ ಮೆಗ್‌ಳ ಮುಂಗೂದಲನ್ನು ಸುಟ್ಟುಬಿಡುತ್ತಾಳೆ.

ಮಾರ್ಸೆಲನ ಅಲೆ ನೀರು ಬಿದ್ದರೆ ಹೋಗುತ್ತಿತ್ತು. ಹೋಗದ ಅಲೆ ಬೇಕು ಎಂದು ಹಟ ಹಿಡಿದವನು ಜರ್ಮನಿಯ ಕಾರ್ಲ್ ನೆಸ್ಲರ್. 1905ರಲ್ಲಿ ಲಂಡನ್ನಿನಲ್ಲಿ ತನ್ನ ಯಂತ್ರವನ್ನು ಜನರಿಗೆ ತೋರಿಸಿದ. ಒಂದೊಂದೂ ಕಿಲೋ ಹತ್ತಿರ ತೂಗುವ ಹಿತ್ತಾಳೆ ರೋಲರುಗಳು, ಅವನ್ನು ನೂರು ಡಿಗ್ರಿವರೆಗೆ ಕಾಯಿಸುವುದು, ಭಾರ ತಲೆಯ ಮೇಲೆ ಬೀಳದಂತೆ ಮೇಲಿನಿಂದ ತೂಗುಬಿಡುವುದು, ಆರು ಗಂಟೆ ಅಲುಗಾಡದೆ ಕೂರುವುದು! ಪ್ರಯೋಗಕ್ಕೆ ಸಿಕ್ಕವಳು ಯಾರು ಅನ್ನುತ್ತೀರಿ? ಮುಂದೆ ಅವನ ಹೆಂಡತಿಯಾದ ಕಥರೀನಾ. ಮೊದಲೆರಡು ಸಲ ಅವಳ ಕೂದಲು ಸುಟ್ಟೇ ಹೋಯಿತಂತೆ. ಚರಿತ್ರೆಯಲ್ಲಿ ಹೆಸರು ನೆಸ್ಲರನದು, ಸುಟ್ಟ ತಲೆ ಅವಳದು.

ಈಗ ನಮ್ಮ ಮನೆಯ ಸುಟ್ಟ ತಲೆಗೆ ಬರೋಣ. ಅದಕ್ಕೆ ಮೊದಲು ಕರೆಂಟಿನ ಮಾತು ಆಗಬೇಕು, ಯಾಕೆಂದರೆ ನಮ್ಮ ಕಥೆಯಲ್ಲಿ ಅದರದೂ ಕೈವಾಡವಿದೆ. 2001ರಲ್ಲಿ ದಾಭೋಳದ ಎನ್ರಾನ್ ಘಟಕ ನಿಂತಿತು. 2005ರ ಜೂನ್‌ನಲ್ಲಿ ರಾಜ್ಯ ವಿದ್ಯುತ್ ಮಂಡಳಿ ಒಡೆದು ಮಹಾವಿತರಣ್ ಆಯಿತು. ಹೆಸರು ಬದಲಾಯಿತೇ ಹೊರತು ಕರೆಂಟು ಬರಲಿಲ್ಲ. ಥಾಣೆ, ಕಲ್ಯಾಣ, ಡೊಂಬಿವಲಿ, ನವಿ ಮುಂಬೈಯವರಿಗೆಲ್ಲ ಆ ವರ್ಷಗಳ ಲೋಡ್‌ಶೆಡಿಂಗ್ ನೆನಪಿರಬೇಕು. ಮುಂಬೈ ಶಹರಕ್ಕೆ ದೀಪ, ನಮಗೆ ಮೇಣದಬತ್ತಿ. ಆಫೀಸಿನಲ್ಲಿ ಏಸಿ ಗಾಳಿ ಕುಡಿದು ಬಂದವರು ಮನೆಯಲ್ಲಿ ಬೀಸಣಿಗೆ ಹಿಡಿಯುತ್ತಿದ್ದೆವು. ತಮಾಷೆ ನೋಡಿ, ಡೊಂಬಿವಲಿ, ಕಲ್ಯಾಣಗಳ ನಡುವಿನ ಠಾಕುರ್ಲಿಯಲ್ಲಿ ಬ್ರಿಟಿಷರ ಕಾಲದಲ್ಲೇ ರೈಲ್ವೆಗೆಂದು ಕಟ್ಟಿದ ಚೋಳಾ ಪವರ್ ಹೌಸ್ ಇತ್ತು. ಅದು ಮುಚ್ಚಿಹೋಗಿ ಎಷ್ಟೋ ವರ್ಷಗಳಾಗಿದ್ದವು.

2006ರ ನವೆಂಬರ್. ಕರ್ನಾಟಕ ಏಕೀಕರಣಕ್ಕೆ 50 ವರ್ಷ. ಊರಿನಲ್ಲಿ ಸುವರ್ಣ ಕರ್ನಾಟಕದ ಸಂಭ್ರಮ, ಇಲ್ಲಿ ನಮ್ಮ ಮಟ್ಟಕ್ಕೆ ನಮ್ಮದೂ ಒಂದು ರಾಜ್ಯೋತ್ಸವ. ಹದಿನಾರರ ಮಗಳು ನೃತ್ಯದಲ್ಲಿದ್ದಳು. ಅವಳಿಗೆ ಸೊಂಟದವರೆಗೆ ಕೂದಲು. ನಮ್ಮ ಅವ್ವ ಧಾರವಾಡದಿಂದ ಬಂದಾಗಲೆಲ್ಲ ಎಣ್ಣೆ ಹಚ್ಚಿ, ಸೀಗೆಕಾಯಿ ತಿಕ್ಕಿ ಬೆಳೆಸಿದ್ದು. ಮಗಳಿಗೆ ಸಿನಿಮಾದವರ ಹಾಗೆ ತುದಿಯಲ್ಲಿ ಸುರುಳಿ ಬೇಕು. ಸಂಜೆ ಇನ್ನರ್ಧ ಗಂಟೆಗೆ ಕರೆಂಟು ಹೋಗುವ ಸರದಿ, ಪೇಪರಿನಲ್ಲಿ ವೇಳಾಪಟ್ಟಿ ಬಂದಿತ್ತು. ಕೂದಲು ಇನ್ನೂ ಒದ್ದೆ. ಒಣಗುವವರೆಗೆ ಕಾದರೆ ರಾಡು ಕಾಯುವುದಿಲ್ಲ. ಇರಲಿ ಅಂತ ಒದ್ದೆ ಕೂದಲನ್ನೇ ಸುತ್ತಿದೆ. ಚುರ್ ಅಂತು. ಆವಿ ಎದ್ದಿತು, ಒಣಗುತ್ತಿದೆ ಅಂದುಕೊಂಡು ಇನ್ನಷ್ಟು ಹೊತ್ತು ಹಿಡಿದೆ. ಬಿಚ್ಚಿದಾಗ ಒಂದು ಹಿಡಿ ಕೂದಲು ಸಲಾಕೆಯ ಜೊತೆಗೇ ಬಂತು.

ಒಳಗಿನ ಖೋಲಿಯಿಂದ ಅವ್ವ, "ಏನ್ ಸುಟ್ಟೀ?" ಅಂದಳು. ಬಂದು ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮಗಳ ಕೂದಲನ್ನು ಭುಜದ ಸಮಕ್ಕೆ ಕತ್ತರಿಸಬೇಕಾಯಿತು. ಅಷ್ಟರಲ್ಲಿ ಕರೆಂಟೂ ಹೋಯಿತು. ಮೇಣದಬತ್ತಿ ಬೆಳಕಿನಲ್ಲಿ ಅವ್ವ ತನ್ನ ಟ್ರಂಕಿನಿಂದ ಗಂಗಾವನ ತೆಗೆದು ಮೊಮ್ಮಗಳ ಗಿಡ್ಡ ಕೂದಲಿಗೆ ಸೇರಿಸಿ ಹೆಣೆದಳು. ಓವಿಡ್ ಹೇಳಿದ್ದೇ ಆಯಿತು. ಅವ್ವ ನನ್ನೊಡನೆ ಎರಡು ದಿನ ಮಾತಾಡಲಿಲ್ಲ.

ನನ್ನ ತಪ್ಪೇನು ಅನ್ನುವುದು ತಿಳಿದದ್ದು ಎಷ್ಟೋ ಆಮೇಲೆ. ನೀರು ನೂರು ಡಿಗ್ರಿಗೆ ಕುದಿಯುತ್ತದೆ, ರಾಡು ಇನ್ನೂರರ ಆಸುಪಾಸಿಗೆ ಹೋಗುತ್ತದೆ. ಒದ್ದೆ ಕೂದಲ ಒಳಗಿನ ನೀರು ಅಲ್ಲಿಯೇ ಕುದ್ದು ಆವಿಯಾಗಿ, ಎಳೆಯೊಳಗೆ ಗುಳ್ಳೆಗಳನ್ನು ಎಬ್ಬಿಸುತ್ತದೆ. ಹಪ್ಪಳದ ಹಾಗೆ. ಆಮೇಲೆ ಕೂದಲು ಮುರಿಯದೆ ಏನು ಮಾಡೀತು?

ಇನ್ನೂ ದೊಡ್ಡ ವಿಷಯ ಬೇರೆಯೇ ಇದೆ. ಕೂದಲು ಕೆರಾಟಿನ್ ಎಂಬ ಪ್ರೋಟೀನಿನದು. ಅದರ ಎಳೆಗಳನ್ನು ಹಿಡಿದಿಡುವ ಕಟ್ಟುಗಳಲ್ಲಿ ಎರಡು ಮುಖ್ಯ ಬಗೆ. ಗಟ್ಟಿ ಕಟ್ಟುಗಳು ಗಂಧಕದವು, ರಸಾಯನ ಹಾಕಿದರೆ ಮಾತ್ರ ಜಗ್ಗುತ್ತವೆ. ಪರ್ಮಿಂಗ್ ಅಂದರೆ ಅದು. ಇನ್ನೊಂದು ಜಲಜನಕದ ಸಡಿಲ ಕಟ್ಟುಗಳು. ನೀರು ತಾಗಿದರೆ ಬಿಚ್ಚಿಕೊಳ್ಳುತ್ತವೆ, ಒಣಗಿದಾಗ ಕೂದಲು ಯಾವ ಆಕಾರದಲ್ಲಿದೆಯೋ ಅದೇ ಆಕಾರದಲ್ಲಿ ಮತ್ತೆ ಕಟ್ಟಿಕೊಳ್ಳುತ್ತವೆ. ರಾಡು ಬಿಸಿಯಿಂದ ಸಡಿಲಿಸುವುದೂ, ಒದ್ದೆ ಹೆರಳು ನೀರಿನಿಂದ ಸಡಿಲಿಸುವುದೂ ಮುಖ್ಯವಾಗಿ ಇವೇ ಕಟ್ಟುಗಳನ್ನು! ಬಿಸಿ ಮಾಡುತ್ತಿದ್ದದ್ದು ಹೊತ್ತು ಉಳಿಸುವ ಕೆಲಸ ಅಷ್ಟೇ. ರಾಡಿನ ಹತ್ತು ನಿಮಿಷಕ್ಕೆ ಹೆರಳಿನ ಎಂಟು ಗಂಟೆ. ಕೊಂಕಣದ ಹಸಿಗಾಳಿ ತಾಗಿದರೆ ಎರಡೂ ಅಲೆಗಳಿಗೆ ಒಂದೇ ಗತಿ.

ಬಿಸಿ ಬಿಟ್ಟು ತಣ್ಣಗಿನ ದಾರಿಗೆ ಬರುವುದೂ ಇದೇ ಮೊದಲಲ್ಲ. ಮಾರ್ಸೆಲನ ಇಕ್ಕಳದ ಅಲೆಯನ್ನೇ 1920ರ ದಶಕದಲ್ಲಿ ಒದ್ದೆ ಕೂದಲು, ಬೆರಳು, ಹಣಿಗೆ ಇಷ್ಟರಿಂದಲೇ ಎಬ್ಬಿಸತೊಡಗಿದರು. ಅದು ಫಿಂಗರ್ ವೇವ್. ಉದ್ದ ಕೂದಲಿನವರು ಹಳೇ ಬಟ್ಟೆಯ ಚಿಂದಿಗೆ ಸುತ್ತಿ ಮಲಗುತ್ತಿದ್ದರು, ಗಿಡ್ಡ ಕೂದಲಿನವರು ಸುರುಳಿ ಸುತ್ತಿ ಪಿನ್ ಚುಚ್ಚಿಕೊಳ್ಳುತ್ತಿದ್ದರು. 1938ರಲ್ಲಿ ಅಮೆರಿಕದ ಆರ್ನಾಲ್ಡ್ ವಿಲ್ಲಟ್ ತಣ್ಣಗಿನ ಪರ್ಮ್ ಕಂಡುಹಿಡಿದ ಮೇಲೆ ನೆಸ್ಲರನ ಯಂತ್ರಗಳೂ ಗುಜರಿ ಸೇರಿದವು. ಎರಡನೇ ಮಹಾಯುದ್ಧದಲ್ಲಿ ಲೋಹಕ್ಕೆ ಬರ ಬಂದು ಹೇರ್‌ಪಿನ್ನಿಗೂ ತತ್ವಾರವಾಯಿತು. ಆಗ ಮತ್ತೆ ಚಿಂದಿ ಬಟ್ಟೆಗೆ ಕಾಲ ಬಂತು. ನಮ್ಮ ಮುಂಬೈಯಲ್ಲೂ, 1934ರಲ್ಲಿ ಮಲಾಡಿನಲ್ಲಿ ಶುರುವಾದ ಬಾಂಬೆ ಟಾಕೀಸಿನ ದೇವಿಕಾ ರಾಣಿಯ ಹಳೇ ಫೋಟೋ ನೋಡಿ, ಕಿವಿಯ ಮೇಲೆ ಇಳಿದ ಆ ಅಲೆಗಳು! ಮುಂದೆ ಆಕೆ ಬಾಳಿದ್ದು ಬೆಂಗಳೂರಿನ ತಾತಗುಣಿ ಎಸ್ಟೇಟಿನಲ್ಲಿ, ಹಾಗಾಗಿ ಅರ್ಧ ನಮ್ಮವರೇ.

'ಎಲ್ಲಾ ನಮ್ಮಲ್ಲಿ ಮೊದಲೇ ಇತ್ತು' ಅನ್ನುವವರ ಪೈಕಿ ನಾನಲ್ಲ. ಬೇಲೂರಿನ ದರ್ಪಣ ಸುಂದರಿ ಕನ್ನಡಿ ಹಿಡಿದು ಮುಂಗುರುಳು ತಿದ್ದಿಕೊಳ್ಳುತ್ತಿದ್ದಾಳೆ ನಿಜ, ಹೇಗೆ ಮಾಡಿಕೊಂಡಳು ಅಂತ ಶಿಲ್ಪಿ ಬರೆದಿಟ್ಟಿಲ್ಲ. ನಮ್ಮ ಮನೆಗಳಲ್ಲಂತೂ ಅಲೆ ಯಾರಿಗೂ ಬೇಕಿರಲಿಲ್ಲ. ರಾತ್ರಿ ಒದ್ದೆ ಹೆರಳಲ್ಲೇ ಮಲಗಿದರೆ ಮುಂಜಾನೆ ಅವ್ವನ ಕೂದಲೂ ಅಲೆ ಅಲೆಯಾಗಿರುತ್ತಿತ್ತು. ಅದನ್ನು ಅವಳು ಎಣ್ಣೆ ನೀರು ಹಚ್ಚಿ, ಒತ್ತಿ ಬಾಚಿ ಅಳಿಸಿಬಿಡುತ್ತಿದ್ದಳು. ಬಿಚ್ಚುಗೂದಲಲ್ಲಿ ಬಾಗಿಲಿಗೆ ಬರುವಂತಿರಲಿಲ್ಲ. ಆ ಅಲೆಯನ್ನು ಕಂಡದ್ದು ಅವಳ ಕನ್ನಡಿ ಒಂದೇ.

ಮರುವರ್ಷ ಮಗಳಿಗೆ ಮತ್ತೆ ಕುಣಿತ, ಮತ್ತೆ ಸುರುಳಿಯ ಆಸೆ, ಭಯವೂ ಅಷ್ಟೇ. ಅವ್ವನೇ ಅಂದಳು, "ಅದಕ್ಯಾಕ ಬೆಂಕಿ? ಹಸೀ ಕೂದ್ಲಾ ನಾಕ ಹೆರಳು ಹೆಣದು ಮಲಗಿದ್ರ ಮುಂಜಾನೆ ಹಂಗ ಆಗ್ತದ. ನಂಗ ಅದನ್ನ ನೆಟ್ಟಗ ಮಾಡೋದ ಕೆಲಸಾಗಿತ್ತು." ತುದಿಗಳಿಗೆ ಬಟ್ಟೆ ಕಟ್ಟಿ ನಾಲ್ಕು ಹೆರಳು ಹಾಕಿದಳು. ಬೆಳಗ್ಗೆ ಕರೆಂಟಿರಲಿಲ್ಲ. ಕಿಟಕಿಯ ಬೆಳಕಿನಲ್ಲಿ ಒಂದೊಂದೇ ಬಿಚ್ಚಿ, ಈ ಸಲ ಅಳಿಸದೆ ಹಾಗೇ ಬಿಟ್ಟಳು. ಸ್ವಲ್ಪ ಹೊತ್ತು ನೋಡುತ್ತ ಕೂತಿದ್ದಳು. ರಾಡು ಅಟ್ಟ ಸೇರಿತು. ಅವ್ವ ಹೋದದ್ದು 2013ರಲ್ಲಿ.

ಆಮೇಲೆ ಮಗಳು ನೌಕರಿ ಹಿಡಿದಳು. ಬೆಳಗಿನ ಲೋಕಲ್ಲು, ಮೀಟಿಂಗು. ಹೊಸ ರಾಡು ತಂದುಕೊಂಡಳು. ನಾನು ಬೇಡ ಅನ್ನಲಿಲ್ಲ. ಯಾವ ಬಾಯಲ್ಲಿ ಅನ್ನಲಿ? ಎಂಟು ಗಂಟೆ ನಿದ್ದೆ ಇದ್ದವರಿಗೆ ತಾನೆ ಎಂಟು ಗಂಟೆಯ ಹೆರಳು. ಹನ್ನೊಂದಕ್ಕೆ ಮನೆಗೆ ಬಂದು ಐದಕ್ಕೆ ಏಳುವವಳು ತಲೆಸ್ನಾನ ಯಾವಾಗ ಮಾಡಬೇಕು, ಒಣಗಿಸುವುದು ಯಾವಾಗ?

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್. ಹೆರಿಗೆಗೆಂದು ಬಂದಿದ್ದವಳು ನಮ್ಮಲ್ಲೇ ಉಳಿದಳು. ಮಹಾರಾಷ್ಟ್ರದಲ್ಲಿ ಸಲೂನುಗಳು ಬಾಗಿಲು ತೆರೆದದ್ದು ಜೂನ್ 28ಕ್ಕೆ. ಆದರೆ ಜುಲೈ ಮೊದಲ ವಾರದಲ್ಲೇ ಥಾಣೆ, ಕಲ್ಯಾಣ-ಡೊಂಬಿವಲಿಗಳಲ್ಲಿ ಮತ್ತೆ ಬೀಗ. ಆ ಕಾಲದಲ್ಲೇ ಜಗತ್ತಿನ ತುಂಬ ಹುಡುಗಿಯರು ಬಾತ್‌ರೋಬಿನ ಬೆಲ್ಟಿಗೆ ಕೂದಲು ಸುತ್ತಿಕೊಳ್ಳುವ ವೀಡಿಯೋ ಹಾಕತೊಡಗಿದ್ದು. ನಮ್ಮ ಮನೆಯಲ್ಲಿ ಬಾತ್‌ರೋಬ್ ಎಲ್ಲಿಂದ ಬರಬೇಕು? ದುಪಟ್ಟಾ ಇತ್ತು. ಬಾಣಂತಿ ಕೂದಲು ಉದುರುತ್ತಿದೆ, ಬಿಸಿ ತಾಗಿಸಲಿಕ್ಕೆ ಧೈರ್ಯವಿಲ್ಲ. ಒಂದು ದಿನ ಮೊಬೈಲು ಹಿಡಿದು ಬಂದು, "ಅಮ್ಮಾ ನೋಡು, ಅಜ್ಜಿಯ ಹೆರಳು ಅಮೆರಿಕಕ್ಕೆ ಹೋಗಿಬಂದಿದೆ" ಅಂದಳು. ಆ ಹೊತ್ತು ನನಗೆ ಅಳು ಬಂದದ್ದನ್ನು ಬಾಣಂತನದ ಸುಸ್ತು ಅಂತ ನುಂಗಿಕೊಂಡೆ.

ಈಗ ಅವಳು ವಾರಕ್ಕೆ ಮೂರು ದಿನ ಮನೆಯಿಂದಲೇ ಕೆಲಸ ಮಾಡುತ್ತಾಳೆ, ಹಾಗಾಗಿ ಹೆರಳಿಗೆ ರಾತ್ರಿ ಸಿಕ್ಕಿದೆ. ಅಂಗಡಿಯಲ್ಲಿ ಇದಕ್ಕೆಂದೇ ಸ್ಯಾಟಿನ್ನಿನ ಉದ್ದ ದಿಂಡು ಸಿಗುತ್ತದೆ, ತಂದಿದ್ದಾಳೆ. ಆದರೆ ಮಳೆಗಾಲದಲ್ಲಿ ಅದಕ್ಕೆ ಸುತ್ತಿದ ಕೂದಲು ಬೆಳಗಾದರೂ ಒಣಗುವುದಿಲ್ಲವಂತೆ, ತಲೆ ಭಾರ. ತೆಳು ಹತ್ತಿ ಬಟ್ಟೆ ನೀರು ಹೀರುತ್ತದೆ, ಅದಕ್ಕೇ ಧೋತರದ ಬೇಡಿಕೆ. ಕೂದಲು ಮುಕ್ಕಾಲು ಒಣಗಿದ ಮೇಲೆಯೇ ಸುತ್ತು, ಬಿಗಿಯಾಗಿ ಜಗ್ಗಬೇಡ, ಬೇರು ಸಡಿಲಾದೀತು ಅಂತ ಹೇಳಿದ್ದೇನೆ. ಮೊಮ್ಮಗಳಿಗೂ ಎರಡು ಪಟ್ಟಿ ಬೇಕಂತೆ.

ಕಪಾಟಿನಲ್ಲಿ ನಮ್ಮವರ ಎರಡು ಧೋತರ ಸಿಕ್ಕವು. ನಾಲ್ಕು ಬೆರಳು ಅಗಲದ ಪಟ್ಟಿ ಹರಿದು ಇಟ್ಟಿದ್ದೇನೆ. ಹಳೆಯದು ಒಂದೇ ಹಳೆಯದು, ಇನ್ನೊಂದು ಹೋದ ಯುಗಾದಿಯದು. ಅವರಿಗೆ ಇನ್ನೂ ಹೇಳಿಲ್ಲ.